ಗುಂಡುಸೂಜಿ ಚುಚ್ಚಿದ ಪುಟಗಳು

ಮನೆ, ಹೊಲಿಗೆ ಮೇಜು
ಬುಧವಾರ, ಹದಿನೆಂಟನೇ ತಾರೀಖು

ಪ್ರೀತಿಯ ಸೊಸೆ ಮಗಳೇ,

ಹೇಗಿದ್ದೀಯ? ಕೆಮ್ಮು ಇಳಿಯಿತೇ? ಕಳೆದ ಸಲ ಫೋನಿನಲ್ಲಿ ನಿನ್ನ ಮಾತಿಗಿಂತ ಕೆಮ್ಮೇ ಜಾಸ್ತಿ ಕೇಳಿಸಿತು. ನಿನ್ನ ಗಂಡ ಅಂಗಡಿಯಿಂದ ಕಳಿಸಿದ ಔಷಧವನ್ನು ಹೊತ್ತು ಹೊತ್ತಿಗೆ ಕುಡಿ, ಟ್ರಂಕಿನಲ್ಲಿಟ್ಟು ಮೆರವಣಿಗೆ ಮಾಡಿಸಬೇಡ. ಬೆಸುಗೆ ಕಡ್ಡಿ ತಾಗಿ ಸುಟ್ಟಿದ್ದ ಮೊಣಕೈ ಒಣಗಿದೆಯೇ? ಉಣ್ಣೆಯ ಕಾಲುಚೀಲ ಸರಿಹೋಯಿತೇ? ಹಿಮ್ಮಡಿಗೆ ಎರಡು ಪದರ ಕೊಟ್ಟಿದ್ದೇನೆ, ಬೂಟಿನಲ್ಲಿ ಬಿಗಿಯಾದರೆ ಹೇಳು. ಇಲ್ಲಿ ನಾವೆಲ್ಲ ಇದ್ದೇವೆ. ನನ್ನ ಮಂಡಿ ಹಳೇ ಮಂಡಿಯೇ, ಮೆಟ್ಟಿಲು ಹತ್ತುವಾಗ ಬೈಯುತ್ತದೆ, ಇಳಿಯುವಾಗ ಶಪಿಸುತ್ತದೆ. ನಿನ್ನ ಗಂಡ ದಿನಾ ನಿಂತು ನಿಂತು ಬೆನ್ನು ನೋವು ಅನ್ನುತ್ತಾನೆ, ಊರಿಗೆಲ್ಲ ಮುಲಾಮು ಮಾರುವವನು ತನಗೆ ಮಾತ್ರ ಹಚ್ಚಿಕೊಳ್ಳುವುದಿಲ್ಲ. ನಿನ್ನ ಮಗಳಿಗೆ, ನಮ್ಮ ಗಿರಗಿಟ್ಲೆಗೆ, ಮೇಲಿನ ಒಂದು ಹಲ್ಲು ಅಲ್ಲಾಡುತ್ತಿದೆ, ನಾಲಿಗೆಯಿಂದ ತಳ್ಳುವುದೇ ಅವಳ ಕೆಲಸ. ಈ ಪತ್ರವನ್ನು ದಯವಿಟ್ಟು ಕೂತು ಓದು. ಕಾರ್ಯಾಗಾರದಲ್ಲಿ ನಿಂತುಕೊಂಡು, ಹಿಂದೆ ಯಾರೋ ಕರೆಯುತ್ತಿರುವಾಗ ಓದಬೇಡ.

ಭಾನುವಾರದ ಮಾತಿಗೆ ಬರುತ್ತೇನೆ. ನಿನ್ನ ಗಂಡ ಫೋನನ್ನು ಮಗುವಿನ ಕಿವಿಗೆ ಹಿಡಿದ. ನೀನು ಆ ಕಡೆಯಿಂದ ಏನೋ ಮುದ್ದಿನ ಮಾತು ಹೇಳಿರಬೇಕು. ಅವಳು ತಲೆ ಹಿಂದಕ್ಕೆಳೆದುಕೊಂಡು, ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ "ಇದು ಅಮ್ಮ ಅಲ್ಲ" ಅಂದಳು. ಅಂದವಳೇ ಓಡಿಹೋಗಿ ಬಾಗಿಲ ಹಿಂದೆ ನಿಂತಳು. ನಾನು ಫೋನ್ ಕಿತ್ತುಕೊಂಡು "ನಿದ್ದೆಗಣ್ಣಮ್ಮ, ಏನೋ ಬಡಬಡಿಸ್ತಾಳೆ" ಅಂದೆ. ಮಟಮಟ ಮಧ್ಯಾಹ್ನ ಯಾವ ನಿದ್ದೆ? ನೀನು ನಂಬಲಿಲ್ಲ, ಫೋನು ಅವರಿಗೆ ಕೊಡಿ ಅಂದೆ. ಆಮೇಲೆ ನೀನು ಗಂಡನ ಹತ್ತಿರ ಮಾತಾಡಿದ್ದನ್ನು ಅವನು ನನಗೆ ಹೇಳಿದ. ಇನ್ನೆರಡು ವರ್ಷ ಸೈನ್ಯದಲ್ಲಿ ಸೇವೆ ಮುಂದುವರಿಸುವ ಕಾಗದ ಬಂದಿದೆಯಂತೆ, ತಿಂಗಳ ಕೊನೆಯೊಳಗೆ ಸಹಿ ಹಾಕಬೇಕಂತೆ, ಹಾಕಿಬಿಡುತ್ತೀನಿ ಅಂದೆಯಂತೆ. "ಅವಳಿಗೆ ನನ್ನ ದನಿಯೇ ಗುರುತಿಲ್ಲ, ಬಂದು ಏನು ಮಾಡಲಿ" ಅಂದೆಯಂತೆ. ಅವನು ಅದನ್ನು ಹೇಳಿ ಪೇಟದ ಹಾಗೆ ಟವೆಲು ತಲೆಗೆ ಸುತ್ತಿಕೊಂಡು ಗೋಡೆ ನೋಡುತ್ತ ಕೂತ. ದೂರ ಇದ್ದರೆ ಹೀಗೇ, ಮಕ್ಕಳು ಬೇಗ ಮರೀತಾರೆ ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾನು ಅಲ್ಲೇ ಕೂತು ಎರಡೂ ಹೆಗಲು ಮುಟ್ಟಿ ನೋಡಿಕೊಂಡೆ. ಮಗು ನಿನ್ನನ್ನು ಮರೆತಿಲ್ಲ. ಅವಳು ಹಾಗಂದದ್ದಕ್ಕೆ ಕಾರಣ ನಾನು. ಹೇಗೆ ಅಂತ ಮೊದಲಿಂದ ಹೇಳುತ್ತೇನೆ, ಮಧ್ಯದಲ್ಲಿ ಪತ್ರ ಹರಿದು ಹಾಕಬೇಡ.

ನೀನು ಹೊರಟ ಮೇಲೆ ಅವಳದು ಒಂದೇ ರಾಗ: "ಅಮ್ಮ ಈಗ ಏನ್ ಮಾಡ್ತಿರ್ತಾಳೆ?" ನೀನೆಲ್ಲಿದ್ದೀ, ಏನು ಮಾಡುತ್ತಿದ್ದೀ ಅಂತ ನೀನೂ ಹೇಳುವ ಹಾಗಿಲ್ಲ, ನಮಗೂ ಗೊತ್ತಿಲ್ಲ. ನಿನ್ನ ಗಂಡನನ್ನು ಕೇಳಿದರೆ "ಕೆಲಸ ಮಾಡ್ತಿದ್ದಾಳೆ" ಅಂತ ಒಂದು ಮಾತ್ರೆ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದ. ಆ ಉತ್ತರದಲ್ಲಿ ಮಗುವಿಗೆ ಏನು ಸಿಕ್ಕೀತು? ಒಂದು ದಿನ ನಿಮ್ಮ ಕೋಣೆಯ ಕಪಾಟು ಒರೆಸುವಾಗ ನಿನ್ನ ಆ ಪುಸ್ತಕ ಕೈಗೆ ಬಂತು. ಸಿಪಾಯಿಗಳ ಪ್ರೇಮದ ಆ ಕಾದಂಬರಿ ಮಾಲೆಯಲ್ಲಿ ಉಳಿದ ಭಾಗಗಳನ್ನೆಲ್ಲ ನೀನು ಟ್ರಂಕಿಗೆ ತುಂಬಿಕೊಂಡೆ, ಮೊದಲನೆಯದು ಬಾಯಿಪಾಠ ಅಂತ ಬಿಟ್ಟು ಹೋದೆ, ನೆನಪಿದೆಯಲ್ಲ. ಆ ಮುಖಪುಟವನ್ನು ನಾನು ಎಷ್ಟು ಆಡಿಕೊಂಡಿದ್ದೆ! ಬಂದೂಕು ಹಿಡಿದ ಆ ಮೇಜರ್‌ಗೆ ಅಂಗಿಯ ಮೇಲಿನ ಮೂರು ಗುಂಡಿ ಇಲ್ಲ, ಹೆಲಿಕಾಪ್ಟರ್ ಓಡಿಸುವ ಆ ಕ್ಯಾಪ್ಟನ್ ಹುಡುಗಿಗೆ ತಲೆಗೆ ಹೆಲ್ಮೆಟ್ ಇಲ್ಲ, ಕೂದಲು ಮಾತ್ರ ಸೋಪಿನ ಜಾಹೀರಾತಿನ ಹಾಗೆ ಹಾರುತ್ತಿದೆ. "ಯುದ್ಧಕ್ಕೆ ಹೋಗೋನಿಗೆ ಗುಂಡಿ ಹಾಕ್ಕೊಳ್ಳೋಕೆ ಪುರುಸೊತ್ತಿಲ್ವಾ, ಕಳಿಸು, ನಾನು ಹೊಲಿದು ಕೊಡ್ತೀನಿ" ಅಂದಿದ್ದೆ. ನೀನು ನಕ್ಕು "ಅತ್ತೆ, ಮೊದಲು ಓದಿ, ಆಮೇಲೆ ಮಾತಾಡಿ" ಅಂದಿದ್ದೆ. ಓದಿದೆ ಕಣೇ. ಹೋಟೆಲಿನವರ ಮಾಣಿಗಳ ಕೋಟುಗಳು ತೋಳಿಲ್ಲದೆ ಮೇಜಿನ ಮೇಲೆ ಬಿದ್ದಿದ್ದರೂ, ಆ ಮೇಜರ್ ಅವಳನ್ನು ಯಾವಾಗ ಕ್ಷಮಿಸುತ್ತಾನೆ ಅಂತ ಪುಟ ತಿರುಗಿಸುತ್ತ ಕೂತೆ. ಅಜ್ಜಿಗೆ ಅರಿವೆ ಚಿಂತೆ ಅನ್ನುತ್ತಾರೆ, ಈ ಅಜ್ಜಿಗೆ ಆ ವಾರ ಅರಿವೆಯ ಚಿಂತೆಯೂ ಇರಲಿಲ್ಲ.

ಆಮೇಲೆ ಅವಳಿಗೆ ಓದಲು ಶುರುಮಾಡಿದೆ. ಶಿಶುವಿಹಾರದಿಂದ ಬಂದು ಊಟ ಆದ ಮೇಲೆ, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ ಕಂಬಳಿ ಹಾಸಿಕೊಂಡು ನಾವಿಬ್ಬರೂ ಕೂರುತ್ತಿದ್ದೆವು. ಕ್ಯಾಪ್ಟನ್ ಅಂತ ಇದ್ದಲ್ಲೆಲ್ಲ ನಾನು "ಅಮ್ಮ" ಅಂತ ಓದಿದೆ. ಅಮ್ಮ ಬಿರುಗಾಳಿಯಲ್ಲಿ ಹೆಲಿಕಾಪ್ಟರ್ ಹಾರಿಸಿದಳು, ಅಮ್ಮ ಸೇತುವೆ ಮೇಲೆ ಸಿಕ್ಕಿಬಿದ್ದ ಜನರನ್ನು ಹಗ್ಗ ಬಿಟ್ಟು ಎತ್ತಿದಳು. ಅವಳ ಕಣ್ಣು ನೋಡಬೇಕಿತ್ತು ನೀನು. ಮಗುವಿಗೆ ಓದಬಾರದ ಪುಟಗಳು ಇದ್ದವಲ್ಲ, ಅವಕ್ಕೆ ನಾನು ಬಟ್ಟೆಗೆ ಮಾಡುವ ಉಪಾಯವನ್ನೇ ಮಾಡಿದೆ. ನನ್ನ ಕೆಲಸದಲ್ಲಿ ಉದ್ದವಾದದ್ದನ್ನು ಕತ್ತರಿಸುವುದಿಲ್ಲ, ಒಳಕ್ಕೆ ಮಡಚಿ ಗುಂಡುಸೂಜಿ ಚುಚ್ಚುತ್ತೇವೆ. ಹಾಗೇ ಆ ಪುಟಗಳನ್ನು ಒಟ್ಟಿಗೆ ಸೇರಿಸಿ ಗುಂಡುಸೂಜಿ ಚುಚ್ಚಿಟ್ಟೆ. ಎರಡು ತರಹದ ಪುಟಗಳು. ಒಂದು, ಮೇಜರ್ ಮತ್ತು ಕ್ಯಾಪ್ಟನ್ ಇಬ್ಬರೇ ಇರುವಂಥವು. ಅವನ್ನು ಮಗು ಮಲಗಿದ ಮೇಲೆ ನಾನು ಸೂಜಿ ತೆಗೆದು ಓದಿಕೊಂಡೆ, ಸುಳ್ಳು ಯಾಕೆ ಹೇಳಲಿ, ಕೆಲವನ್ನು ಎರಡೆರಡು ಸಲ ಓದಿದೆ. ಇನ್ನೊಂದು, ಗುಂಡು ಹಾರುವ, ಬಾಂಬ್ ಬೀಳುವ ಪುಟಗಳು. ಅವನ್ನು ನಾನೂ ಓದಲಿಲ್ಲ. ಮೊದಲ ಸಲವೂ ಕಣ್ಣು ಮುಚ್ಚಿಕೊಂಡ ಹಾಗೆ ದಾಟಿಸಿಬಿಟ್ಟಿದ್ದೆ. ನೀನು ಅದೇ ಬಟ್ಟೆ ಹಾಕಿಕೊಂಡು ಎಲ್ಲೋ ಇರುವಾಗ ನನ್ನ ಕೈಲಿ ಅದು ಆಗಲಿಲ್ಲ.

ಮೇಜರ್‌ನದೇ ಒಂದು ತಾಪತ್ರಯ ಆಯಿತು. ಅವಳು "ಈ ಮೇಜರ್ ಯಾರು? ಅಪ್ಪ ಔಷಧದ ಅಂಗಡೀಲಿ ಇದಾರಲ್ಲ?" ಅಂತ ಕೇಳಿಬಿಟ್ಟಳು. ನಾನು ತಡವರಿಸಿ, "ಅವನು ನಿನ್ನ ಸೋದರಮಾವ" ಅಂದೆ. ಪಾಪ, ಊರೆಲ್ಲ ಮೋಹಿಸಿದ ಆ ಗಂಡಸು ನಮ್ಮ ಮೇಜಿನ ಕೆಳಗೆ ನಿನ್ನ ಅಣ್ಣನಾಗಿ ಹೋದ. ಮಳೆಯಲ್ಲಿ ಅವನು ಅವಳ ಹಣೆಯ ಮೇಲಿನ ಹನಿ ಒರೆಸುವ ಜಾಗದಲ್ಲಿ, ಶೀತ ಆಗುತ್ತೆ ಒಳಗೆ ನಡಿ ಅಂತ ಗದರಿದ ಹಾಗೆ ಓದಿದೆ. ಪುಸ್ತಕ ಮುಗಿದ ದಿನ ಮುಗಿಯಿತಲ್ಲ ಅಂದುಕೊಂಡೆ. ಅವಳು ಪುಸ್ತಕ ತಿರುಗಿಸಿ, ಮತ್ತೆ ಮೊದಲ ಪುಟ ತೆಗೆದು ನನ್ನ ತೊಡೆ ಮೇಲಿಟ್ಟಳು. ಎರಡನೇ ಭಾಗ ನಿನ್ನ ಟ್ರಂಕಿನಲ್ಲಿ. ಹೀಗೆ ಮೊದಲನೆಯದನ್ನೇ ಓದಿದೆವು, ಮತ್ತೆ ಓದಿದೆವು, ಮತ್ತೆ ಓದಿದೆವು. ರಟ್ಟು ಕಿತ್ತು ಬಂತು, ಬೆನ್ನಿಗೆ ಕಾಲರ್ ಪಟ್ಟಿ ಇಟ್ಟು ಹೊಲಿದಿದ್ದೇನೆ, ನೋಡಿದರೆ ಬೈಯಬೇಡ.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಒಂದು ದಿನ ಶಿಶುವಿಹಾರದ ಟೀಚರ್ ಕರೆಸಿದರು. ಇವಳು ಅಮ್ಮ ಹೆಲಿಕಾಪ್ಟರನ್ನು ಆಸ್ಪತ್ರೆ ಚಾವಣಿ ಮೇಲೆ ಇಳಿಸಿದಳು ಅಂದಳಂತೆ, ಕ್ರೇನ್ ಓಡಿಸುವವರ ಮಗ ಸುಳ್ಳು ಅಂದನಂತೆ, ಇವಳು ಅವನ ಮುಂಗೈ ಕಚ್ಚಿದ್ದಾಳೆ. ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, ನಿಜವೇನಮ್ಮ ಅಂದರು. ಆ ಹುಡುಗನ ಕೈಮೇಲೆ ಹಲ್ಲಿನ ಗುರುತು ಕಾಣುತ್ತಿದೆ, ನಾನು ತಲೆಯಾಡಿಸಿ ಹೌದು ಅಂದೆ! ಇವಳು ನನ್ನ ಸೆರಗು ಹಿಡಿದು ನಿಂತಿದ್ದಳು, ಇಲ್ಲ ಅನ್ನಲು ಬಾಯಿ ಬರಲಿಲ್ಲ. ನೀನು ಫೋನಿನಲ್ಲಿ ಇವತ್ತು ಒಂದು ರಾಶಿ ರೇಡಿಯೋ ರಿಪೇರಿ ಮಾಡಿದೆ ಕಣೇ ಅಂದದ್ದು ನೆನಪಿದೆಯೇ? ಅವತ್ತು ಅವಳು ಫೋನ್ ಕೊಟ್ಟು ನನ್ನ ಕಿವಿಯಲ್ಲಿ "ಅಮ್ಮ ಗುಟ್ಟು ಬಿಟ್ಕೊಡಲ್ಲ" ಅಂದಿದ್ದಳು. ನಾನು ಅವಳ ಜೊತೆ ಸೇರಿ ಕಣ್ಣು ಮಿಟುಕಿಸಿದೆ.

ಇನ್ನೊಂದು ಹೇಳಬೇಕು, ಇದನ್ನು ಬರೆಯಲು ಪೆನ್ನು ಹಿಂದೇಟು ಹಾಕುತ್ತಿದೆ. ನನಗೆ ಅದರಲ್ಲಿ ಖುಷಿ ಇತ್ತು. ಅಮ್ಮ ಬೇಕು ಅಂತ ಅವಳಿಗೆ ಅನ್ನಿಸಿದರೆ ಅವಳು ಫೋನಿನ ಹತ್ತಿರ ಹೋಗುತ್ತಿರಲಿಲ್ಲ, ನನ್ನ ಹತ್ತಿರ ಬರುತ್ತಿದ್ದಳು. ನಾನು ಬಾಯಿ ತೆರೆದರೆ ಅಮ್ಮ ಬರುತ್ತಿದ್ದಳು, ಮುಚ್ಚಿದರೆ ಹೋಗುತ್ತಿದ್ದಳು. ಈ ವಯಸ್ಸಿನಲ್ಲಿ ನನಗೆ ಯಾರು ಅಷ್ಟು ಬೆಲೆ ಕೊಡುತ್ತಾರೆ ಹೇಳು? ಭಾನುವಾರದ ಫೋನು ಬೇಗ ಮುಗಿದರೆ, ಮತ್ತೆ ಮೇಜಿನ ಕೆಳಗೆ ಹೋಗಬಹುದು ಅಂತ ಒಂದೆರಡು ಸಲ ನಾನೇ ಗಡಿಯಾರ ನೋಡಿದ್ದಿದೆ. ನಮ್ಮ ಅತ್ತೆ ಒಳ್ಳೆಯವರು ಅಂತ ಅಲ್ಲಿ ಗೆಳತಿಯರ ಹತ್ತಿರ ಹೇಳುತ್ತೀಯಂತೆ. ಸ್ವಲ್ಪ ತಡೆದು ಹೇಳು.

ಕಚ್ಚಿದ ಪ್ರಕರಣ ಆದ ಮೇಲೆ ಹೆದರಿಕೆ ಆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಆದರೆ ಬಂದ ಬುದ್ಧಿಯೂ ಅರ್ಧಂಬರ್ಧ. ಎಲ್ಲ ಸುಳ್ಳು ಅಂತ ಒಂದೇ ಸಲ ಹೇಳಿದರೆ ಮಗುವಿಗೆ ಪೆಟ್ಟಾಗುತ್ತೆ, ಹೊಲಿಗೆ ಬಿಚ್ಚುವ ಹಾಗೆ ನಿಧಾನಕ್ಕೆ ಬಿಚ್ಚೋಣ ಅಂದುಕೊಂಡೆ. ಪುಸ್ತಕದಲ್ಲಿ ಒಂದು ರೇಡಿಯೋ ಹುಡುಗಿ ಬರುತ್ತಾಳಲ್ಲ, ಅದೇ ಒಂಬತ್ತನೇ ಅಧ್ಯಾಯದಲ್ಲಿ, ಬಿರುಗಾಳಿಯಲ್ಲಿ ರೇಡಿಯೋ ಸತ್ತುಹೋದಾಗ ಶಿಬಿರದ ಡೇರೆಯಲ್ಲಿ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತಂತಿ ಜೋಡಿಸುತ್ತಾಳೆ, ಕ್ಯಾಪ್ಟನ್ ದನಿ ಮತ್ತೆ ಬರುತ್ತದೆ. ನನಗೆ ಅಯ್ಯೋ, ಇದು ನೀನೇ ಅಲ್ಲವೇ ಅನ್ನಿಸಿತು. ನೀನು ಮಾಡುವ ಕೆಲಸವೇ ಇದು! ಮಗುವನ್ನು ಕೂರಿಸಿಕೊಂಡು, ಅಜ್ಜಿ ತಪ್ಪು ಓದಿದ್ದೆ ಕಣಮ್ಮ, ಅಮ್ಮ ಕ್ಯಾಪ್ಟನ್ ಅಲ್ಲ, ಅಮ್ಮ ಈ ರೇಡಿಯೋ ಹುಡುಗಿ, ಇವಳಿಲ್ಲದಿದ್ದರೆ ಹೆಲಿಕಾಪ್ಟರ್ ಇಳಿಯುತ್ತಲೇ ಇರಲಿಲ್ಲ ಅಂದೆ. ಮುಖ ಊದಿಸಿಕೊಂಡಳು. ಎರಡು ದಿನ ನನ್ನ ಜೊತೆ ಟೂ. ಆಮೇಲೆ ತಾನಾಗಿಯೇ ಸರಿಹೋದಳು. ಖಾಲಿ ದಾರದುಂಡೆ ಡಬ್ಬಕ್ಕೆ ನನ್ನ ಅಳತೆ ಪಟ್ಟಿ ಸಿಕ್ಕಿಸಿ ರೇಡಿಯೋ ಮಾಡಿದಳು, ಚಮಚ ಹಲ್ಲಿನಲ್ಲಿ ಕಚ್ಚಿಕೊಂಡು ಇಡೀ ದಿನ ಹಲೋ ಹಲೋ ಅಂದಳು, ಕ್ರೇನ್ ಹುಡುಗನನ್ನೂ ಮನೆಗೆ ಕರೆದು ಹಲೋ ಅನ್ನಿಸಿದಳು. ಸದ್ಯ, ಬೀಸೋ ದೊಣ್ಣೆ ತಪ್ಪಿತು ಅಂತ ಉಸಿರು ಬಿಟ್ಟೆ. ಆ ಅಧ್ಯಾಯದ ಆಚೆಗೆ ರೇಡಿಯೋ ಹುಡುಗಿಯ ಸುದ್ದಿಯೇ ಬರುವುದಿಲ್ಲವಲ್ಲ ಅಂತ ಒಮ್ಮೆ ಅನ್ನಿಸಿತ್ತು. ಬರೆದವರು ಮರೆತಿರಬೇಕು, ಕಥೆ ಬರೆಯುವವರಿಗೆ ನಾಯಕಿ ಸಿಕ್ಕಿದರೆ ಉಳಿದವರ ನೆನಪೆಲ್ಲಿ ಅಂದುಕೊಂಡೆ. ಮುಂದಿನ ಪುಟಗಳಿಗೆ ಗುಂಡುಸೂಜಿ ಇತ್ತು ಅನ್ನುವುದು ನನಗೆ ಹೊಳೆಯಲೇ ಇಲ್ಲ. ಪುಸ್ತಕ ಬಾಯಿಪಾಠ ಇರುವ ನಿನಗೆ ಮುಂದಿನದು ಈಗಾಗಲೇ ಗೊತ್ತಾಗಿರಬೇಕು.

ಗುರುವಾರ ನಾನು ಹೋಟೆಲಿಗೆ ಮಾಣಿಗಳ ಅಳತೆ ತೆಗೆಯಲು ಹೋಗಿದ್ದೆ. ನಿನ್ನ ಗಂಡನಿಗೆ ರಜೆ. ಅವಳು ಪುಸ್ತಕ ತಂದು ಓದು ಅಂದಿದ್ದಾಳೆ. ಅವನಿಗೆ ಮೊದಲು ಕಂಡದ್ದು ಗುಂಡುಸೂಜಿಗಳು. ನಮ್ಮಮ್ಮನಿಗೆ ಮರೆವು, ಮಗು ಬಾಯಿಗೆ ಹಾಕಿಕೊಂಡರೆ ಏನು ಗತಿ ಅಂತ ಒಂದೊಂದನ್ನೇ ಕಿತ್ತು ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿದ. ಆಮೇಲೆ ಓದಿದ. ಅವನು ಓದುವುದು ಹೇಗೆ ಅಂತ ನಿನಗೆ ಗೊತ್ತು. ಔಷಧದ ಬಾಟಲಿಯ ಮೇಲೆ "ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ" ಅಂತ ಇದ್ದರೆ ಅದನ್ನೂ ಗಿರಾಕಿಗೆ ಓದಿ ಹೇಳುವವನು. ಅವನ ಕೆಲಸದಲ್ಲಿ ಒಂದಕ್ಷರ ಬಿಟ್ಟರೆ ಜೀವಕ್ಕೇ ಬರುತ್ತದೆ, ಆ ಅಭ್ಯಾಸ ಮನೆಯಲ್ಲೂ ಬಿಡುವುದಿಲ್ಲ. ಮಗು ಒಂಬತ್ತನೇ ಅಧ್ಯಾಯವನ್ನೇ ಓದು ಅಂದಳಂತೆ. ಅವನು ಒಂಬತ್ತು ಮುಗಿಸಿ ಹತ್ತಕ್ಕೆ ಹೋದ. ಡೇರೆಯ ಮೇಲೆ ಬಾಂಬ್ ಬಿದ್ದದ್ದನ್ನು ಓದಿದ. ಹುಡುಗಿಯ ಕೈ ಇನ್ನೂ ರೇಡಿಯೋದ ತಿರುಗಣೆ ಮೇಲೇ ಇತ್ತು ಅಂತ ಓದಿದ. ಮೇಲಿಂದ ಕ್ಯಾಪ್ಟನ್ ಕರೆಯುತ್ತಲೇ ಇದ್ದಳು, ಉತ್ತರ ಬರಲಿಲ್ಲ ಅಂತಲೂ ಓದಿದ. ಅವನಿಗೇನು ಗೊತ್ತು ಆ ಹುಡುಗಿ ಯಾರು ಅಂತ! ನಾನು ಬಂದಾಗ ಊಟಕ್ಕೆ ಕೂತಿದ್ದರು. "ಪುಸ್ತಕ ಪರವಾಗಿಲ್ಲಮ್ಮ, ಆ ರೇಡಿಯೋ ಹುಡುಗಿ ಮಾತ್ರ ಪಾಪ" ಅಂದ. ಮಗು ತಟ್ಟೆಯ ಅಂಚಿನಲ್ಲಿ ಬಟಾಣಿ ಕಾಳುಗಳನ್ನು ಸಾಲಾಗಿ ಇಡುತ್ತಿದ್ದಳು.

ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಅವಳು ಅಳಲಿಲ್ಲವಲ್ಲ, ಅರ್ಥ ಆಗಿರಲಿಕ್ಕಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಶುಕ್ರವಾರ ನಾಳೆ ಅಂದೆ, ಶನಿವಾರ ನಾಳೆ ಅಂದೆ. ಭಾನುವಾರ ಫೋನು ಬಂತು. ಅವಳು "ಇದು ಅಮ್ಮ ಅಲ್ಲ" ಅಂದದ್ದನ್ನು ನೀನು ಕೇಳಿದೆ. ಬಾಗಿಲ ಹಿಂದೆ ನಾನು ಹೋದಾಗ ಅಂದ ಮಾತನ್ನು ನೀನು ಕೇಳಲಿಲ್ಲ. "ಅಮ್ಮನ ರೇಡಿಯೋ ಬೇರೆ ಯಾರೋ ಇಟ್ಕೊಂಡು ಅಮ್ಮನ ಥರ ಮಾತಾಡ್ತಿದಾರೆ, ಅಜ್ಜಿ. ನೀನು ಮಾತಾಡಬೇಡ" ಅಂದಳು. ನನ್ನ ಕೈ ಹಿಡಿದು ಒಳಕ್ಕೆ ಎಳೆದಳು. ನನ್ನನ್ನು ಕಾಪಾಡುತ್ತಿದ್ದಳು ಕಣೇ ಅವಳು.

ಸೋಮವಾರ ಮೇಜಿನ ಕೆಳಗೆ ಕೂತು ಎಲ್ಲ ಹೇಳಿದೆ. ಪುಸ್ತಕದ ಕಥೆ ಯಾರೋ ಕಟ್ಟಿದ್ದು, ಅಮ್ಮ ಕ್ಯಾಪ್ಟನ್ನೂ ಅಲ್ಲ, ಆ ಹುಡುಗಿಯೂ ಅಲ್ಲ, ಅಮ್ಮ ಚೆನ್ನಾಗಿದ್ದಾಳೆ, ಅಜ್ಜಿ ಸುಳ್ಳು ಹೇಳಿದ್ದೆ ಅಂದೆ. ಅವಳು ಹಲ್ಲನ್ನು ನಾಲಿಗೆಯಿಂದ ತಳ್ಳುತ್ತ ಕೇಳಿಸಿಕೊಂಡಳು. ಆಮೇಲೆ "ಅಜ್ಜಿ, ಆವಾಗ ಹೇಳಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ?" ಅಂದಳು. ಆಣೆ ಹಾಕಿದೆ. ನಿನ್ನ ಫೋಟೋ ತೋರಿಸಿದೆ. "ಇದು ಮೊದಲಿಂದು" ಅಂದು ಪಕ್ಕಕ್ಕಿಟ್ಟಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಉಣ್ಣುತ್ತಿರುವುದು ಮಾತ್ರ ಮಗು. ಕೊನೆಗೆ ನಿನ್ನ ಗಂಡನ ಕಾಲು ಹಿಡಿಯುವುದೊಂದು ಬಾಕಿ ಇತ್ತು, ಅವನಿಗೂ ಹೇಳಿದೆ. ಅವನು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. "ಅಮ್ಮ, ನಾನು ಒಬ್ಬರ ಔಷಧ ಇನ್ನೊಬ್ಬರಿಗೆ ಕೊಟ್ಟರೆ ಅಂಗಡಿ ಮುಚ್ಚಿಸ್ತಾರೆ" ಅಂದ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಇದ್ದ, ಓದಿದವನು ಅವನಲ್ಲವೇ. ಹೊರಗೆ ಬಂದು ಮಗುವಿಗೆ ಅಮ್ಮ ಬದುಕಿದ್ದಾಳೆ ಅಂದ. ಅವಳು "ನೀನು ಓದಿದ್ದು ಪುಸ್ತಕದಲ್ಲಿ ಇತ್ತು ತಾನೆ ಅಪ್ಪ?" ಅಂದಳು. ಇತ್ತು ಅಂದ. ಆ ಪ್ರಾಣಿಗೆ ಸುಳ್ಳು ಹೇಳಲು ಬರುವುದಿಲ್ಲ. ಬರುವವಳು ಹೇಳಿದರೆ ನಂಬುವವರಿಲ್ಲ.

ನಿನ್ನೆ ನಾನು ಆ ಪುಸ್ತಕವನ್ನು ಒಬ್ಬಳೇ ಕೂತು ಮತ್ತೆ ಓದಿದೆ, ಸೂಜಿ ಇಲ್ಲದೆ, ಮೊದಲಿಂದ ಕೊನೆಯವರೆಗೆ. ಗುಂಡಿನ ಪುಟಗಳನ್ನು ಮೊದಲ ಸಲ ಓದಿದೆ. ಆ ಹುಡುಗಿ ಬೆಳಗಿನ ಬ್ರೆಡ್ಡಿನ ತುಂಡನ್ನು ಆಮೇಲೆ ತಿನ್ನೋಣ ಅಂತ ಜೇಬಿನಲ್ಲಿ ಇಟ್ಟುಕೊಂಡಿರುತ್ತಾಳೆ, ಅಲ್ಲಿ ನನಗೆ ತಡೆಯಲಾಗಲಿಲ್ಲ, ಮಾಣಿಯ ಕೋಟಿನ ಅಸ್ತರಿಗೆ ಕಣ್ಣು ಒರೆಸಿಕೊಂಡೆ. ಇದನ್ನೆಲ್ಲ ನೀನು ಓದಿದ್ದೆ. ಬಾಯಿಪಾಠ ಮಾಡಿದ್ದೆ. ಆದರೂ ಹೋಗಿ ಅದೇ ಕೆಲಸಕ್ಕೆ ಸೇರಿದೆ. ನಾನು ಮುಖಪುಟ ನೋಡಿ, ಗುಂಡಿ ಇಲ್ಲದ ಅಂಗಿ ನೋಡಿ ಹುಡುಗಾಟ ಅಂದುಕೊಂಡಿದ್ದೆ, ನೀನು ಹತ್ತನೇ ಅಧ್ಯಾಯ ಗೊತ್ತಿದ್ದೂ ಹೋದವಳು. ನನಗೆ ನಿನ್ನ ಮೇಲೆ ಹೆಮ್ಮೆಯೂ ಬಂತು, ಒಂದು ಹಿಡಿ ಸಿಟ್ಟೂ ಬಂತು, ಎರಡನ್ನೂ ಹೇಳಿಬಿಟ್ಟಿದ್ದೇನೆ. ನಿಮ್ಮ ಡೇರೆ ಹೇಗಿದೆ, ಎಲ್ಲಿದೆ ಅಂತ ನಾನು ಕೇಳುವುದಿಲ್ಲ. ಬ್ರೆಡ್ಡು ಕೊಟ್ಟ ತಕ್ಷಣ ತಿಂದುಬಿಡು.

ಆ ಕಾಗದಕ್ಕೆ ಸಹಿ ಹಾಕು ಅಂತಲೂ, ಹಾಕಬೇಡ ಅಂತಲೂ ಹೇಳುವ ಬಾಯಿ ನನಗೆ ಉಳಿದಿಲ್ಲ. ಕೆಲಸ ನಿನ್ನದು, ನಿನಗೆ ಅದು ಇಷ್ಟ ಅಂತಲೂ ಗೊತ್ತು. ಇಷ್ಟ ಇದ್ದು ಹಾಕಿದರೆ ನಾನು ಇಲ್ಲಿ ಎರಡು ವರ್ಷ ಇವಳನ್ನು ನೋಡಿಕೊಳ್ಳುತ್ತೇನೆ, ಪುಸ್ತಕ ಮುಟ್ಟದೆ. ಆದರೆ ಮಗು ಮರೆತಳು ಅಂತ ಹಾಕಬೇಡ. ಅವಳು ಮರೆತಿಲ್ಲ, ನೀನು ಇಲ್ಲ ಅಂದುಕೊಂಡಿದ್ದಾಳೆ. ದಾರದುಂಡೆ ಡಬ್ಬದ ರೇಡಿಯೋವನ್ನು ತಾನೇ ಒಂದು ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ದೂಡಿದ್ದಾಳೆ. ನಿನ್ನ ಹಳೇ ಕೈಗವಸು ಒಂದನ್ನು ದಿಂಬಿನ ಗವಸಿನ ಒಳಗೆ ಇಟ್ಟುಕೊಂಡಿದ್ದಾಳೆ, ನಾನು ನೋಡಿಲ್ಲ ಅಂದುಕೊಂಡಿದ್ದಾಳೆ. ಆರು ತುಂಬದ ಮಗು ಯಾರಿಗೂ ತೊಂದರೆ ಕೊಡದೆ ಒಬ್ಬಳೇ ದುಃಖಪಡುತ್ತಿದ್ದಾಳೆ. ಆ ದುಃಖ ಕೊಟ್ಟವಳು ನಾನು. ನನ್ನನ್ನು ಕ್ಷಮಿಸು ಅಂತ ಬರೆದು ಎರಡು ಸಲ ಹೊಡೆದು ಹಾಕಿದ್ದೇನೆ, ಮೂರನೇ ಸಲ ಬರೆಯುತ್ತಿದ್ದೇನೆ. ಕ್ಷಮಿಸು.

ನಿನ್ನ ಪಕ್ಕದ ಮಂಚದ ಗೊರಕೆಯವಳಿಗೆ ನನ್ನ ನೆನಪು ಹೇಳು, ಅವಳ ಕಾಲುಚೀಲವೂ ಹೆಣಿಗೆಯಲ್ಲಿದೆ. ನಿನ್ನ ಗಂಡ ಪ್ರತ್ಯೇಕ ಬರೆಯುತ್ತೇನೆ ಅಂದಿದ್ದಾನೆ, ಬರೆಯುವುದಿಲ್ಲ, ಆದರೆ ನಿನ್ನನ್ನೇ ನೆನೆಯುತ್ತಿದ್ದಾನೆ. ಹೋದ ದಾರಿಯಲ್ಲೇ ಕೈಕಾಲು ಗಟ್ಟಿಯಾಗಿ ವಾಪಸು ಬಾ, ನಿನ್ನ ನೆತ್ತಿ ತಣ್ಣಗಿರಲಿ, ನನ್ನ ಉಳಿದ ಆಯಸ್ಸಿನಲ್ಲಿ ಒಳ್ಳೆಯ ಭಾಗವೆಲ್ಲ ನಿನಗಿರಲಿ.

ಇಂತಿ, ತಲೆ ಎತ್ತಲಾಗದ
ನಿನ್ನ ಅತ್ತೆ

ಮತ್ತೆ ಬರೆದದ್ದು: ಲಕೋಟೆಗೆ ಅಂಟು ಹಚ್ಚುವಾಗ ಅವಳು ಬಂದಳು. ಯಾರಿಗೆ ಅಂದಳು. ಅಮ್ಮನಿಗೆ ಅಂದೆ. ಆಮೇಲೆ "ಅಮ್ಮನೇ ಆಗಿದ್ರೆ ನನ್ನ ಎಡಗಾಲಿನ ಕಿರುಬೆರಳಿನ ಹೆಸರು ಹೇಳ್ಲಿ" ಅಂದಳು. ಬೆರಳಿಗೆ ಹೆಸರಾ, ಯಾವ ಹೆಸರೇ ಅಂದೆ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಬೆರಳ ಸಂದಿಯಿಂದ "ಹೇಳಲ್ಲ, ನೀನು ಬರೆದ್ಬಿಡ್ತೀಯ" ಅಂದಳು. ನಿಜ, ಗೊತ್ತಿದ್ದರೆ ಬರೆದುಬಿಡುತ್ತಿದ್ದೆ. ದಿನಾ ಆ ಕಾಲಿಗೆ ಕಾಲುಚೀಲ ಹಾಕುವವಳು ನಾನು, ಅದಕ್ಕೊಂದು ಹೆಸರಿದೆ ಅಂತ ಇವತ್ತು ತಿಳಿಯಿತು. ನಿನ್ನ ಗಂಡನನ್ನು ಕೇಳಿದೆ, ಅವನಿಗೂ ಗೊತ್ತಿಲ್ಲ. ಭಾನುವಾರ ಫೋನಿಗೆ ಬರುತ್ತಾಳಂತೆ, ಫೋನು ತಾನೇ ಹಿಡಿಯುತ್ತಾಳಂತೆ, ನಾನು ಮೆಟ್ಟಿಲ ಮೇಲೆ ಹೋಗಿ ಕೂರಬೇಕಂತೆ. ಕೂರುತ್ತೇನೆ. ಅಲ್ಲಿಯವರೆಗೆ ಆ ಕಾಗದ ಮುಟ್ಟಬೇಡ. ಹಲೋ ಅನ್ನಬೇಡ, ಹೇಗಿದ್ದೀಯ ಅನ್ನಬೇಡ, ಮೊದಲು ಆ ಹೆಸರು ಹೇಳು. ನೆನಪಿದೆ ತಾನೆ ಮಗಳೇ?